ಪುಟ್ಟ ಮಕ್ಕಳು, ಕೈಯಾಟ, ವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ತಾರಸಿಯಲ್ಲಿ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಬೀದಿಗಳ ಮಕ್ಕಳು ಸೇರುತ್ತಾರೆ. ಮೂರು ವರ್ಷದವರಿಂದ ಎಂಟು ವರ್ಷದವರವರೆಗೆ. ನೀರು, ಮರಳು, ಜೇಡಿಮಣ್ಣು, ಖಾಲಿ ಡಬ್ಬ, ದಾರ, ಬೀಜ, ರದ್ದಿ ಕಾಗದ, ಇಷ್ಟೇ ಸಾಮಾನು. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ಮೆಟ್ಟಿಲ ಬಳಿ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಿಂತಲ್ಲೇ ಅವಸರದಲ್ಲಿ ಹೇಳಿದ್ದು ಸಾಲುವುದಿಲ್ಲ ಅನಿಸಿ ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬೇಕು?

ನೀವು ಶುರು ಮಾಡುವ ಮೊದಲೇ ಮಗು ಶುರು ಮಾಡಿರುತ್ತದೆ. ಕಿಟಕಿಯಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಚೌಕವನ್ನು ಒಂದೂವರೆ ವರ್ಷದ ಮಗು ಎತ್ತಿಕೊಳ್ಳಲು ನೋಡುವುದನ್ನು ಗಮನಿಸಿ. ಕೈ ಇಟ್ಟರೆ ಬಿಸಿಲು ಕೈಯ ಮೇಲೆ ಬರುತ್ತದೆ. ಮುಷ್ಟಿ ಕಟ್ಟಿದರೆ ಸಿಗುವುದಿಲ್ಲ. ಮತ್ತೆ ಕೈ ಬಿಡಿಸಿ ನೋಡುತ್ತದೆ. ಆಗ ನೀವು ಮಾಡಬೇಕಾದ್ದು ಒಂದೇ, ಕರ್ಟನ್ ಎಳೆಯದೆ ಸುಮ್ನೆ ಪಕ್ಕದಲ್ಲಿ ಕೂರುವುದು.

ಮೂರು ವರ್ಷದ ಹೊತ್ತಿಗೆ ಸುರಿಯುವುದು, ತುಂಬುವುದು, ಜೋಡಿಸುವುದು. ಐದರ ಹೊತ್ತಿಗೆ "ಹೀಗೆ ಮಾಡಿದ್ರೆ ಏನಾಗುತ್ತೆ?" ಅಂತ ಕೇಳಿ ಮಾಡಿ ನೋಡುವುದು. ಏಳೆಂಟರ ಹೊತ್ತಿಗೆ ಅಳೆಯುವುದು, ಬರೆದಿಡುವುದು. ಇದು ಒರಟು ಲೆಕ್ಕ ಅಷ್ಟೇ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸಬೇಡಿ.

ನೀರಲ್ಲಿ ಆಡಿದರೆ ಅದು ವಿಜ್ಞಾನ ಹೇಗಾಗುತ್ತೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ತಾರಸಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ.

ಒಂದು ಅಗಲವಾದ ಬೋಗುಣಿಯಲ್ಲಿ ನೀರು ಇಟ್ಟಿದ್ದೆ. ಪಕ್ಕದಲ್ಲಿ ತೆಂಗಿನ ಚಿಪ್ಪು, ಸ್ಟೀಲ್ ಚಮಚ, ಕಲ್ಲು, ಬೆಂಡೆಕಾಯಿ, ಎರಡು ಕಿತ್ತಳೆ. ಐದು ವರ್ಷದ ಹುಡುಗಿಯೊಬ್ಬಳು ಕಿತ್ತಳೆ ಬಿಟ್ಟಳು, ತೇಲಿತು. ಇನ್ನೊಂದನ್ನು ಸುಲಿದಳು. "ಇದು ಹಗುರ ಆಯ್ತು, ಇನ್ನೂ ಚೆನ್ನಾಗಿ ತೇಲುತ್ತೆ" ಅಂದಳು. ಬಿಟ್ಟರೆ ಅದು ಸೀದಾ ತಳಕ್ಕೆ ಹೋಯಿತು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೈ ಹಾಕಿ ಹಣ್ಣನ್ನು ಮೇಲೆ ತಂದಳು. ಮತ್ತೆ ಬಿಟ್ಟಳು. ಮತ್ತೆ ಮುಳುಗಿತು. ಆಮೇಲೆ ಸಿಪ್ಪೆಯ ಚೂರನ್ನು ನೀರಿಗೆ ಹಾಕಿದಳು. ಅದು ತೇಲಿತು. "ಸಿಪ್ಪೆ ಅದಕ್ಕೆ ಟ್ಯೂಬ್ ಥರ!" ಅಂದಳು. ಈಜು ಕಲಿಯುವಾಗ ಹಾಕುತ್ತಾರಲ್ಲ, ಆ ಟ್ಯೂಬ್. ಆಮೇಲೆ ಯಾರೂ ಹೇಳದೆಯೇ ಸುಲಿದ ಹಣ್ಣಿಗೆ ಸಿಪ್ಪೆಯನ್ನು ಮತ್ತೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬಿಟ್ಟಳು. ತೇಲಿತು.

ಸಿಪ್ಪೆಯೊಳಗಿನ ಬಿಳಿ ಪದರದಲ್ಲಿ ಗಾಳಿ ತುಂಬಿಕೊಂಡಿರುತ್ತದೆ, ಅದಕ್ಕೇ ತೇಲುತ್ತದೆ ಅಂತ ನಾನು ಮೊದಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವಳಿಗೆ ಒಂದು ವಾಕ್ಯ ಸಿಗುತ್ತಿತ್ತು. ಆದರೆ ಅವಳು ಊಹೆ ಮಾಡಿದಳು, ಊಹೆ ತಪ್ಪಾದಾಗ ಕಾರಣ ಹುಡುಕಿದಳು, ಆ ಕಾರಣ ಸರಿಯಾ ಅಂತ ಪರೀಕ್ಷೆಯನ್ನೂ ಮಾಡಿದಳು. ಪ್ರಯೋಗಾಲಯದಲ್ಲಿ ಬಿಳಿ ಕೋಟು ಹಾಕಿಕೊಂಡವರು ಮಾಡುವುದೂ ಇದನ್ನೇ ಅಲ್ವಾ?

ನನಗೇ ವಿಜ್ಞಾನ ಬರಲ್ಲ. ಮಗು ಕೇಳಿದರೆ ಏನು ಹೇಳಲಿ?

"ಗೊತ್ತಿಲ್ಲ, ಬಾ ನೋಡೋಣ" ಅಂತ ಹೇಳಿ. ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ಜಾಸ್ತಿ ಗೊತ್ತಿರುವ ಪಾಲಕರಿಗೇ ಇದು ಕಷ್ಟ. ಮಗು ಬಾಯಿ ತೆರೆಯುವ ಮೊದಲೇ ಅವರ ಉತ್ತರ ಸಿದ್ಧವಾಗಿರುತ್ತದೆ. ನಾನು ಅವರಿಗೆ ಹೇಳುವುದು ಎರಡೇ ಮಾತು. ಮಾಡುವ ಮೊದಲು "ಏನಾಗಬಹುದು ಅನ್ಸುತ್ತೆ?" ಅಂತ ಕೇಳಿ. ಮಾಡಿದ ಮೇಲೆ "ಏನಾಯ್ತು?" ಅಂತ ಕೇಳಿ. ನಡುವೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಹತ್ತರೊಳಗೆ ಮಗು ಏನಾದರೂ ಹೇಳುತ್ತದೆ, ಇಲ್ಲವೇ ಇನ್ನೊಂದು ಸಲ ಮಾಡಿ ನೋಡುತ್ತದೆ. "ಯಾಕೆ?" ಅನ್ನುವ ಪ್ರಶ್ನೆಯನ್ನು ತೀರಾ ಚಿಕ್ಕವರಿಗೆ ಕೇಳಬೇಡಿ. ಪರೀಕ್ಷೆ ಕೊಟ್ಟ ಹಾಗೆ ಅನಿಸಿ ಸುಮ್ಮನಾಗಿಬಿಡುತ್ತಾರೆ.

ಯಾವ ಸೈನ್ಸ್ ಕಿಟ್ ತಗೊಳ್ಳಲಿ?

ಆರು ವರ್ಷದೊಳಗಿನ ಮಕ್ಕಳಿಗೆ ಕಿಟ್ ಬೇಕಾಗಿಯೇ ಇಲ್ಲ. ಶುರುವಿನಲ್ಲಿ ನಾನೂ ಒಂದು ದುಬಾರಿ ಕಿಟ್ ತಂದಿದ್ದೆ. ಅದರಲ್ಲಿದ್ದದ್ದು ಒಂದೇ ದಾರಿ. ಚಿತ್ರದಲ್ಲಿ ತೋರಿಸಿದ ಹಾಗೆ ಜೋಡಿಸಿದರೆ ಮುಗಿಯಿತು. ಹದಿನೈದು ನಿಮಿಷದಲ್ಲಿ ಮಕ್ಕಳು ಅದನ್ನು ಬಿಟ್ಟು ಅದು ಬಂದ ರಟ್ಟಿನ ಪೆಟ್ಟಿಗೆಯೊಳಗೆ ಕೂತಿದ್ದರು. ಆ ಪೆಟ್ಟಿಗೆ ಬಸ್ಸಾಯಿತು, ಮನೆಯಾಯಿತು, ಎರಡು ವಾರ ಬಾಳಿತು.

ಕಸದಿಂದ ಆಟಿಕೆ ಮಾಡಿಸುವುದನ್ನೇ ಬದುಕಾಗಿ ಮಾಡಿಕೊಂಡ ಅರವಿಂದ್ ಗುಪ್ತಾ ಅವರ ಹೆಸರು ಕೇಳಿರಬಹುದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕಾರಗಳನ್ನು ಕಟ್ಟುವ ಆಟ ಅವರದ್ದೇ. ನಾವು ಬೆಂಕಿಕಡ್ಡಿಯ ಬದಲು ಕಡ್ಡಿ ಪೊರಕೆಯನ್ನು ಒಂದೇ ಅಳತೆಗೆ ಮುರಿದು ಬಳಸುತ್ತೇವೆ. ವಾಲ್ವ್ ಟ್ಯೂಬ್ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಮೂರು ಕಡ್ಡಿಯ ತ್ರಿಕೋನ ಮಾಡಿ ಒತ್ತಿದರೆ ಅಲುಗುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ಓರೆಯಾಗಿ ಮಲಗಿಬಿಡುತ್ತದೆ. ಆ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಉದ್ದ ಕಡ್ಡಿ ಕೊಟ್ಟರೆ ಗಟ್ಟಿಯಾಗುತ್ತದೆ, ಯಾಕೆಂದರೆ ಈಗ ಅದು ಎರಡು ತ್ರಿಕೋನ. ಇದಾದ ಮೇಲೆ ಮಕ್ಕಳನ್ನು ತಾರಸಿಯ ಅಂಚಿಗೆ ಕರೆದು ದೂರದ ಕಟ್ಟಡದ ಕ್ರೇನ್ ತೋರಿಸುತ್ತೇನೆ. ನಮ್ಮ ಊರಲ್ಲಿ ಕ್ರೇನಿಗೇನು ಬರವಿಲ್ಲ. ಅದರ ಉದ್ದ ತೋಳಿನ ತುಂಬ ತ್ರಿಕೋನಗಳೇ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಒಂದು ಒಳ್ಳೆ ಭೂತಗನ್ನಡಿ, ಒಂದು ಟಾರ್ಚ್, ಒಂದು ಅಳತೆ ಟೇಪ್ ತಗೊಳ್ಳಿ. ಮರದ ಆಟಿಕೆ ಬೇಕಾದರೆ ಚನ್ನಪಟ್ಟಣದ ಬುಗುರಿ ಇದೆ. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟದ್ದು. ತಿರುಗುವಾಗ ಅದರ ಬಣ್ಣದ ಪಟ್ಟೆಗಳು ಏನಾಗುತ್ತವೆ ಅಂತ ನೋಡುತ್ತಾ ಕೂತರೆ ಸಂಜೆಯೇ ಕಳೆಯುತ್ತದೆ.

ಮನೆಯಲ್ಲೇ ಇರುವ ಸಾಮಾನಿನಲ್ಲಿ ಒಂದು ಒಳ್ಳೆ ಪ್ರಯೋಗ ಹೇಳಿ.

ಅರಿಶಿನ. ನಮ್ಮ ಮನೆಗಳಲ್ಲಿ ಇದಕ್ಕಿಂತ ಚೆಲುವಾದ ಪ್ರಯೋಗ ಇಲ್ಲ.

ಹೊಸ ಮದುಮಕ್ಕಳು ಮನೆಗೆ ಬಂದಾಗ, ಬಾಣಂತಿ ಮಗು ಎತ್ತಿಕೊಂಡು ಬಂದಾಗ ತಟ್ಟೆಯಲ್ಲಿ ಕೆಂಪು ನೀರಿನ ಆರತಿ ಎತ್ತುತ್ತಾರಲ್ಲ, ಆ ಓಕುಳಿ ನೀರಿಗೆ ಕುಂಕುಮ ಹಾಕಬೇಕೆಂದೇನಿಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಸಾಕು, ಹಳದಿ ಕಣ್ಣೆದುರೇ ಕೆಂಪಾಗುತ್ತದೆ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನುವ ವಸ್ತು ಕ್ಷಾರ ಸೇರಿದಾಗ ಕೆಂಪಾಗುತ್ತದೆ, ಹುಳಿ ಸೇರಿದಾಗ ಮತ್ತೆ ಹಳದಿಗೆ ಬರುತ್ತದೆ. ಬಿಳಿ ಅಂಗಿಯ ಮೇಲೆ ಸಾರು ಬಿದ್ದ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದೂ ಇದೇ.

ಮಕ್ಕಳಿಗೆ ಮಾಡಿಸುವಾಗ ಸುಣ್ಣ ಬೇಡ. ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ. ಬಟ್ಟೆ ಸೋಪಿನ ನೀರು ಸಾಕು. ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ. ಹತ್ತಿ ಸುತ್ತಿದ ಕಡ್ಡಿಯನ್ನು ಸೋಪಿನ ನೀರಿನಲ್ಲಿ ಅದ್ದಿ ಮಗುವಿನ ಕೈಗೆ ಕೊಡಿ. ಹಳದಿ ಕಾಗದದ ಮೇಲೆ ಕೆಂಪು ಗೆರೆ ಮೂಡುತ್ತದೆ. ಆಮೇಲೆ ನಿಂಬೆರಸದಲ್ಲಿ ಅದ್ದಿದ ಇನ್ನೊಂದು ಕಡ್ಡಿ ಕೊಡಿ. ಗೆರೆ ಅಳಿಸಿ ಹೋಗುತ್ತದೆ. ಇಷ್ಟು ಗೊತ್ತಾದ ಮೇಲೆ ಮಕ್ಕಳನ್ನು ತಡೆಯಲು ಆಗುವುದಿಲ್ಲ. ಮೊಸರು, ಹುಣಸೆ ನೀರು, ಅಡುಗೆ ಸೋಡಾ, ಶಾಂಪೂ, ಸಕ್ಕರೆ ನೀರು, ಎಲ್ಲವನ್ನೂ ತಂದು ನೋಡುತ್ತಾರೆ. ತರಲಿ. ಯಾವುದು ಕೆಂಪು ಮಾಡುತ್ತದೆ, ಯಾವುದು ಮಾಡುವುದಿಲ್ಲ ಅಂತ ಎರಡು ಗುಂಪು ಮಾಡಿಸಿ. ಆಮ್ಲ, ಕ್ಷಾರ ಅನ್ನುವ ಪದಗಳು ಮುಂದೆ ಶಾಲೆಯಲ್ಲಿ ಬರುತ್ತವೆ. ಬಂದಾಗ ಈ ಎರಡು ಗುಂಪು ನೆನಪಾಗುತ್ತದೆ.

ಹಳೇ ಬಟ್ಟೆ ಹಾಕಿಸುವುದನ್ನು ಮರೆಯಬೇಡಿ.

ಮಗು ಒಂದೇ ಆಟವನ್ನು ದಿನಾ ಆಡುತ್ತೆ. ಬೇರೆಯದಕ್ಕೆ ತಿರುಗಿಸಬೇಕಾ?

ಬೇಡ. ನಿಮಗೆ ಒಂದೇ ಥರ ಕಾಣುವುದು ಮಗುವಿಗೆ ಒಂದೇ ಥರ ಇರುವುದಿಲ್ಲ. ಮೂರೂವರೆ ವರ್ಷದ ಒಬ್ಬ ಹುಡುಗ ಏಳು ಭಾನುವಾರ ಒಂದೇ ಲೋಟದಿಂದ ಒಂದೇ ಬಾಟಲಿಗೆ ನೀರು ಸುರಿದ. ಮೊದಲ ವಾರ ಅರ್ಧ ನೀರು ಹೊರಗೆ. ನಾಲ್ಕನೇ ವಾರ ಲೋಟವನ್ನು ಎಷ್ಟು ಓರೆ ಮಾಡಬೇಕು ಅಂತ ಕೈಗೆ ಗೊತ್ತಾಗಿತ್ತು. ಏಳನೇ ವಾರ ಎಲೆಯೊಂದನ್ನು ಮಡಚಿ ಬಾಟಲಿಯ ಬಾಯಿಗೆ ಇಟ್ಟು ಅದರ ಮೇಲೆ ಸುರಿದ. ಆಲಿಕೆ ಅನ್ನುವ ವಸ್ತುವನ್ನು ಅವನು ತಾನೇ ಕಂಡುಹಿಡಿದಿದ್ದ. ಅವನ ಅಮ್ಮ ಐದನೇ ವಾರ ನನ್ನ ಹತ್ತಿರ ಬಂದು "ಬೇರೆ ಏನಾದ್ರೂ ಕೊಡಿ" ಅಂದಿದ್ದರು. ಕೊಡದೇ ಇದ್ದದ್ದು ಒಳ್ಳೆಯದಾಯಿತು.

ಬೆಂಗಳೂರಿನ ನೀರಿನ ಕಷ್ಟದಲ್ಲಿ ನೀರಾಟ ಸರಿಯಾ?

2024ರ ಬೇಸಿಗೆ ಯಾರೂ ಮರೆತಿಲ್ಲ. ಕೊಳವೆಬಾವಿ ಬತ್ತಿ, ಟ್ಯಾಂಕರಿಗೆ ಕಾದು, ಬಕೆಟ್ ಲೆಕ್ಕ ಹಾಕಿದ ದಿನಗಳು. ನಮ್ಮಲ್ಲಿ ಆಟಕ್ಕೆ ಒಂದು ಬೋಗುಣಿ, ಅಂದರೆ ಐದಾರು ಲೀಟರ್ ಅಷ್ಟೇ. ಅಕ್ಕಿ, ಬೇಳೆ ತೊಳೆದ ನೀರೂ ಆಗುತ್ತದೆ. ಆಟ ಮುಗಿದ ಮೇಲೆ ಅದನ್ನು ಮಕ್ಕಳೇ ಗಿಡಗಳಿಗೆ ಹಾಕುತ್ತಾರೆ, ಸೋಪು ಬೆರೆತಿದ್ದರೆ ಬಚ್ಚಲಿಗೆ.

ಮಳೆಗಾಲ ಬಂದರೆ ಇದೇ ಹಬ್ಬ. ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬವನ್ನು ತಾರಸಿಯ ನಡುವೆ ಇಡಿ. ಮಳೆ ನಿಂತ ಮೇಲೆ ಸ್ಕೇಲ್ ಇಟ್ಟು ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಅಂದರೆ 100 ಚದರ ಮೀಟರಿನ ತಾರಸಿಗೆ 20 ಮಿಲಿಮೀಟರ್ ಬಿದ್ದರೆ 2000 ಲೀಟರ್. ಈ ಲೆಕ್ಕ ಕೇಳಿ ಎಂಟು ವರ್ಷದ ಹುಡುಗಿಯೊಬ್ಬಳು "ಅದೆಲ್ಲ ಎಲ್ಲಿ ಹೋಯ್ತು?" ಅಂತ ಕೇಳಿದಳು. ಮಕ್ಕಳೆಲ್ಲ ಮಳೆನೀರಿನ ಪೈಪ್ ಹಿಡಿದು ಕೆಳಗೆ ಚರಂಡಿಯವರೆಗೆ ಹೋಗಿ ನೋಡಿಕೊಂಡು ಬಂದರು. ದೊಡ್ಡವರಾದ ನಮಗೂ ಆ ಪ್ರಶ್ನೆ ಇನ್ನೂ ಚುಚ್ಚುತ್ತಿದೆ.

ನಮ್ಮದು ಅಪಾರ್ಟ್‌ಮೆಂಟ್. ಅಂಗಳ ಇಲ್ಲ, ಮಣ್ಣಿಲ್ಲ.

ಬಾಲ್ಕನಿ ಸಾಕು, ಅದೂ ಇಲ್ಲದಿದ್ದರೆ ಬಚ್ಚಲುಮನೆ. ಹಳೇ ಬೆಡ್‌ಶೀಟ್ ಹಾಸಿ, ಅದರ ಆಚೆ ಸಾಮಾನು ಹೋಗಬಾರದು ಅನ್ನುವ ಒಂದೇ ನಿಯಮ ಇಡಿ. ಒರೆಸುವ ಬಟ್ಟೆಯನ್ನೂ ಮಗುವಿನ ಕೈಗೇ ಕೊಡಿ. ಒರೆಸುವುದೂ ಆಟವೇ. ಬಟ್ಟೆ ನೀರು ಹೀರುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ.

ಜೇಡಿಮಣ್ಣು ಬೇಕಾದರೆ ಗಣೇಶನ ಹಬ್ಬದ ಮುಂಚೆ ಪಾಟರಿ ಟೌನ್ ಕಡೆ ಹೋಗಿ. ಕುಂಬಾರರು ಕೆಲಸ ಮಾಡುವುದನ್ನು ಮಕ್ಕಳು ನಿಂತು ನೋಡಲಿ. ಮಣ್ಣು ಸಿಗದಿದ್ದರೆ ಚಪಾತಿ ಹಿಟ್ಟು.

ಅಪಾಯದ ಬಗ್ಗೆ ಹೇಳಿ. ಯಾವುದು ಕೊಡಬಾರದು?

ಇದನ್ನು ದಯವಿಟ್ಟು ಪೂರ್ತಿ ಓದಿ.

ಎಲ್ಲಕ್ಕಿಂತ ಮೊದಲು ಬಟನ್ ಬ್ಯಾಟರಿ, ಅಂದರೆ ಅಂಗಿ ಗುಂಡಿಯಂಥ ಪುಟ್ಟ ಬ್ಯಾಟರಿ. ರಿಮೋಟ್, ಮಿನುಗುವ ಆಟಿಕೆ, ಹಾಡುವ ಗ್ರೀಟಿಂಗ್ ಕಾರ್ಡ್ ಎಲ್ಲದರಲ್ಲೂ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬೆಳಿಗ್ಗೆವರೆಗೆ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ. ಎರಡನೆಯದು ಮಣಿಯಂಥ ಪುಟ್ಟ ಬಲವಾದ ಆಯಸ್ಕಾಂತಗಳು. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಮೂರನೆಯದು ನೀರಿನಲ್ಲಿ ಊದುವ ಬಣ್ಣದ ಜೆಲ್ ಮಣಿಗಳು. ಹೊಟ್ಟೆಯೊಳಗೂ ಊದುತ್ತವೆ. ಈ ಮೂರನ್ನೂ ನಾನು ತಾರಸಿಗೆ ಹತ್ತಿಸುವುದಿಲ್ಲ. ಬೋರಾಕ್ಸ್ ಅನ್ನುವ ಪುಡಿ ಹಾಕಿ ಮಾಡುವ, ಜಾರುವ ಅಂಟಿನಂಥ ಸ್ಲೈಮ್ ಕೂಡ ಇಲ್ಲ.

ಮೂರು ವರ್ಷದೊಳಗಿನ ಮಕ್ಕಳಿಗೆ ಒಂದು ಸುಲಭದ ಪರೀಕ್ಷೆ ಇದೆ. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಅವರ ಕೈಗೆ ಬೇಡ. ಬೀಜ, ಗೋಲಿ, ಗುಂಡಿ ಎಲ್ಲ ಇದರಲ್ಲೇ ಬಂತು. ಇಡೀ ಕಡಲೆಬೀಜವನ್ನು ನಾಲ್ಕು ವರ್ಷದೊಳಗಿನವರಿಗೆ ತಿನ್ನಲೂ ಕೊಡಬಾರದು. ಒಮ್ಮೆ ನಮ್ಮ ತಾರಸಿಯಲ್ಲೇ ಒಂದು ಮಗು ಹುಣಸೆಬೀಜವನ್ನು ಮೂಗಿಗೆ ಹಾಕಿಕೊಂಡಿತು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ವೈದ್ಯರು ಐದು ನಿಮಿಷದಲ್ಲಿ ತೆಗೆದರು, ಮಗು ಅಳು ನಿಲ್ಲಿಸಿತು, ಆದರೆ ಆ ದಿನದ ನಡುಕ ನನಗೆ ಇನ್ನೂ ಹೋಗಿಲ್ಲ. ಅಂದಿನಿಂದ ಬೀಜದ ಆಟಕ್ಕೆ ಚಿಕ್ಕವರು ಬೇರೆ, ದೊಡ್ಡವರು ಬೇರೆ ಕೂರುತ್ತಾರೆ.

ಊದಿದ ಬಲೂನಿನ ಹರಿದ ಚೂರು ಗಂಟಲಿಗೆ ಅಂಟಿಕೊಳ್ಳುತ್ತದೆ, ಕೂಡಲೇ ಎತ್ತಿಬಿಡಿ. ನೀರು ತುಂಬಿದ ಬಕೆಟ್ ಹತ್ತಿರ ಪುಟ್ಟ ಮಗುವನ್ನು ಅರ್ಧ ನಿಮಿಷವೂ ಒಂಟಿಯಾಗಿ ಬಿಡಬೇಡಿ. ಸೂರ್ಯನನ್ನು ಬರಿಗಣ್ಣಲ್ಲಿ ನೋಡಲು ಯಾವತ್ತೂ ಬಿಡಬೇಡಿ, ಭೂತಗನ್ನಡಿಯಲ್ಲಂತೂ ಬೇಡವೇ ಬೇಡ. ಅಂಗಡಿಯಿಂದ ಆಟಿಕೆ ತರುವಾಗ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಅದು ಕಡ್ಡಾಯ.

ಕನ್ನಡದಲ್ಲಿ ಹೇಳಿಕೊಡಬೇಕಾ, ಇಂಗ್ಲಿಷ್‌ನಲ್ಲಾ? ಸ್ಕೂಲಲ್ಲಿ ಎಲ್ಲ ಇಂಗ್ಲಿಷ್ ತಾನೇ?

ಮನೆಯಲ್ಲಿ ಯಾವ ಭಾಷೆಯಲ್ಲಿ ಅಳುತ್ತದೋ, ನಗುತ್ತದೋ ಆ ಭಾಷೆಯಲ್ಲೇ ಆಡಲಿ. ತಮಿಳು, ತೆಲುಗು, ಉರ್ದು, ತುಳು, ಕೊಂಕಣಿ ಯಾವುದಾದರೂ ಸರಿ. ನಮ್ಮ ತಾರಸಿಯಲ್ಲಿ ಕನ್ನಡ ನಡೆಯುತ್ತದೆ, ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ.

ಕೈಯಾಟಕ್ಕೆ ಬೇಕಾದ ಮಾತು ಕನ್ನಡದಲ್ಲಿ ಧಾರಾಳವಾಗಿದೆ. ತೇಲು, ಮುಳುಗು, ಹೀರು, ಉಬ್ಬು, ಜಗ್ಗು, ಬಳುಕು, ಹೆಪ್ಪುಗಟ್ಟು. ಖಾಲಿ ಬಾಟಲಿಯನ್ನು ನೀರಲ್ಲಿ ಒತ್ತಿದರೆ ಬುಡಬುಡ ಅನ್ನುತ್ತದೆ. ಆ ಬುಡಬುಡ ಯಾರದ್ದು? ಒಳಗಿನ ಗಾಳಿಯದ್ದು. "ಖಾಲಿ" ಬಾಟಲಿ ಖಾಲಿ ಇರಲಿಲ್ಲ ಅಂತ ಒಂದು ಸದ್ದೇ ಹೇಳಿಕೊಟ್ಟಿತು.

ಕರಗು ಅನ್ನುವ ಪದ ನೋಡಿ. ಐಸ್ ಕರಗಿತು ಅನ್ನುತ್ತೇವೆ, ಸಕ್ಕರೆ ನೀರಲ್ಲಿ ಕರಗಿತು ಅಂತಲೂ ಅನ್ನುತ್ತೇವೆ. ಎರಡೂ ಒಂದೇನಾ? ಒಂದು ತಟ್ಟೆಯಲ್ಲಿ ಐಸ್ ತುಂಡು, ಇನ್ನೊಂದರಲ್ಲಿ ಒಂದು ಚಮಚ ಸಕ್ಕರೆ ಇಟ್ಟು, ನೀರು ಹಾಕದೆ ಕಾಯಲು ಹೇಳಿ. ಐಸ್ ತಾನಾಗಿಯೇ ಕರಗುತ್ತದೆ. ಸಕ್ಕರೆ ಹಾಗೇ ಕೂತಿರುತ್ತದೆ. ಸಕ್ಕರೆಗೆ ನೀರು ಬೇಕು, ಐಸಿಗೆ ಬಿಸಿ ಸಾಕು. ಈ ಆಟ ಹುಟ್ಟಿದ್ದೇ ನಮ್ಮ ಪದದಿಂದ.

ಮಗುಗೆ ಚಿತ್ರ ಬಿಡಿಸೋಕೆ ಬರಲ್ಲ. ಕ್ರಿಯೇಟಿವಿಟಿ ಹೇಗೆ ಬೆಳೆಸೋದು?

"ಬರಲ್ಲ" ಅನ್ನುವುದನ್ನು ಮಗುವಿನ ಎದುರು ಹೇಳಬೇಡಿ, ಇದು ನನ್ನ ಕೋರಿಕೆ. ಗೆರೆ ದಾಟದ ಹಾಗೆ ಬಣ್ಣ ತುಂಬುವ ಪುಸ್ತಕವನ್ನು ಸ್ವಲ್ಪ ದಿನ ಎತ್ತಿಡಿ. ಖಾಲಿ ಹಾಳೆ ಕೊಡಿ. ಅಂಗಡಿಯ ಬಣ್ಣದ ಜೊತೆ ಬೀಟ್‌ರೂಟ್ ರಸ, ಅರೆದ ಪಾಲಕ್, ಇದ್ದಿಲು, ಕೆಮ್ಮಣ್ಣು ಕೊಟ್ಟು ನೋಡಿ. ಬಣ್ಣ ಎಲ್ಲಿಂದ ಬರುತ್ತದೆ ಅಂತ ಗೊತ್ತಾದ ಮಗು ಬಣ್ಣವನ್ನು ಬೇರೆ ಥರವೇ ಬಳಸುತ್ತದೆ.

ರಂಗೋಲಿ ಇನ್ನೊಂದು ದೊಡ್ಡ ಆಸ್ತಿ. ಚುಕ್ಕಿ ಇಡುವುದು ಎಣಿಕೆ, ಎಳೆ ಸುತ್ತುವುದು ಜ್ಯಾಮಿತಿ. ಅರ್ಧ ರಂಗೋಲಿ ಬಿಡಿಸಿ, ಅದರ ಅಂಚಿಗೆ ಕನ್ನಡಿ ನಿಲ್ಲಿಸಿ. ಉಳಿದರ್ಧ ಕನ್ನಡಿಯೊಳಗೆ ಕಾಣುತ್ತದೆ. ಕನ್ನಡಿಯನ್ನು ಓರೆ ಮಾಡಿದರೆ ಹೊಸ ರಂಗೋಲಿಯೇ ಹುಟ್ಟುತ್ತದೆ. ಅಜ್ಜಿ ಇದ್ದರೆ ಅವರಿಗೇ ಈ ಪಾಠ ಬಿಟ್ಟುಕೊಡಿ.

ಮಗು ಚಿತ್ರ ತಂದು ತೋರಿಸಿದಾಗ "ಸೂಪರ್" ಅಂದು ಮುಗಿಸಬೇಡಿ. ಕಂಡದ್ದನ್ನು ಹೇಳಿ. "ಈ ಆನೆಗೆ ಐದು ಕಾಲಿದೆ, ಅಲ್ವಾ?" ಅಂದೆ ಒಮ್ಮೆ. "ಅದು ಓಡ್ತಾ ಇದೆ" ಅಂದ ನಾಲ್ಕು ವರ್ಷದ ಹುಡುಗ.

ಯೂಟ್ಯೂಬಲ್ಲಿ ಎಷ್ಟೊಂದು ಪ್ರಯೋಗ ಇದೆ. ತೋರಿಸಬಹುದಾ?

ನೀವು ನೋಡಿ ಕಲಿಯಿರಿ, ಆಮೇಲೆ ಫೋನ್ ಒಳಗಿಟ್ಟು ಮಗುವಿನ ಜೊತೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡು ವರ್ಷದೊಳಗೆ ಬೇಡವೇ ಬೇಡ. ವಿಡಿಯೋದಲ್ಲಿ ಸೋಪಿನ ವಾಸನೆ ಬರುವುದಿಲ್ಲ, ಹಿಟ್ಟು ಕೈಗೆ ಅಂಟುವುದಿಲ್ಲ.

ಬೆಂಗಳೂರಲ್ಲಿ ಎಲ್ಲಿಗೆ ಕರ್ಕೊಂಡು ಹೋಗಬಹುದು?

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲರಿಗೂ ಗೊತ್ತು. 1960ರ ದಶಕದಿಂದ ಬೆಂಗಳೂರಿನ ಮಕ್ಕಳು ಅಲ್ಲಿ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಬೆಳೆದಿದ್ದಾರೆ. ಒಂದೇ ದಿನ ಎಲ್ಲ ಮಹಡಿ ಮುಗಿಸಲು ಹೋಗಬೇಡಿ. ಒಂದು ಭೇಟಿಗೆ ಒಂದೇ ಗ್ಯಾಲರಿ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿಯ ಮುಂದೆ ಮಗು ಅರ್ಧ ಗಂಟೆ ನಿಂತರೆ ನಿಲ್ಲಲಿ. ಟಿಕೆಟಿನ ದುಡ್ಡು ಅಲ್ಲೇ ವಸೂಲಾಯಿತು. ಚೌಡಯ್ಯ ರಸ್ತೆಯ ನೆಹರು ತಾರಾಲಯ 1989ರಿಂದ ಇದೆ. ತೀರಾ ಚಿಕ್ಕವರು ಕತ್ತಲೆಗೆ ಹೆದರಬಹುದು. ಅವರಿಗೆ ಹೊರಗಿನ ವಿಜ್ಞಾನ ಉದ್ಯಾನವೇ ಚೆನ್ನ. ಭಾರತೀಯ ವಿಜ್ಞಾನ ಸಂಸ್ಥೆ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಜನ ಜಾತ್ರೆಯ ಹಾಗಿರುತ್ತಾರೆ, ಬೆಳಿಗ್ಗೆಯೇ ಹೋಗಿ.

ಆದರೆ ನನ್ನ ಮೆಚ್ಚಿನ ಜಾಗಗಳು ಬಯಲಲ್ಲೇ ಇವೆ. ಲಾಲ್‌ಬಾಗಿನ ಬಂಡೆ ಹತ್ತಿಸಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮಗುವಿಗೆ ಆ ಸಂಖ್ಯೆ ತಿಳಿಯದು, ನಮಗಾದರೂ ಎಲ್ಲಿ ತಿಳಿಯುತ್ತದೆ? ಬಂಡೆಯ ಮೇಲೆ ಅಂಗೈ ಇಟ್ಟು "ಡೈನೋಸಾರ್ ಬರೋದಕ್ಕೂ ಎಷ್ಟೋ ಮುಂಚೆ ಇದು ಇಲ್ಲೇ ಇತ್ತು" ಅಂತ ಹೇಳಿ. ಬಿಳಿ, ಕಪ್ಪು ಪಟ್ಟೆಗಳ ಮೇಲೆ ಬೆರಳು ಆಡಿಸಲಿ.

ಹೊಂಗೆ ಮರದ ಕೆಳಗೆ ಮಧ್ಯಾಹ್ನ ನಿಲ್ಲಿ. ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕಿಗಳು ಯಾಕೆ ದುಂಡಗಿವೆ? ಎಲೆಗಳ ನಡುವಿನ ಸಂದು ದುಂಡಗಿಲ್ಲವಲ್ಲ. ಒಂದೊಂದು ಚುಕ್ಕಿಯೂ ಸೂರ್ಯನ ಚಿತ್ರ. ಪುಟ್ಟ ಸಂದಿನಿಂದ ಬಂದ ಬೆಳಕು ಸೂರ್ಯನ ಆಕಾರವನ್ನೇ ನೆಲಕ್ಕೆ ತರುತ್ತದೆ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ನಮ್ಮ ಬೀದಿಯ ಮರದ ಕೆಳಗೆ ಆ ಚುಕ್ಕಿಗಳೆಲ್ಲ ಬಿದಿಗೆ ಚಂದ್ರನ ಹಾಗೆ ಬಾಗಿದ್ದವು. ನೂರಾರು ಪುಟ್ಟ ಸೂರ್ಯಗಳು ಕಾಂಪೌಂಡ್ ಗೋಡೆಯ ಮೇಲೆ. ಗ್ರಹಣ ಅಂತ ಬಾಗಿಲು ಹಾಕಿಕೊಂಡಿದ್ದವರೂ ಮಕ್ಕಳ ಕೂಗು ಕೇಳಿ ಹೊರಗೆ ಬಂದರು.

ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ನೆಟ್ಟಗೆ ನಿಲ್ಲಿಸಿದ ಬಾಟಲಿಯ ನೆರಳು ಬಾಟಲಿಯ ಬುಡದಲ್ಲೇ ಮಾಯವಾಗುತ್ತದೆ. ಆಗಸ್ಟಿನಲ್ಲಿ ಮೋಡದ ಕಾಟ, ಏಪ್ರಿಲ್ ಒಳ್ಳೆಯದು. ಹಿಂದಿನ ವಾರದಿಂದಲೇ ದಿನಾ ಅದೇ ಹೊತ್ತಿಗೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ.

ಇನ್ನು ಬೀದಿಯ ಮರಗಳು. ನೀರುಕಾಯಿ ಮರದ ಮೊಗ್ಗು ಹಿಚುಕಿದರೆ ಪಿಚಕಾರಿ. ಮಹಾಗನಿ ಬೀಜ ಮೇಲಿಂದ ಬಿಟ್ಟರೆ ಗಿರಗಿರ ತಿರುಗುತ್ತಾ ಇಳಿಯುತ್ತದೆ. ಅದೇ ಆಕಾರಕ್ಕೆ ಕಾಗದ ಕತ್ತರಿಸಿ, ತುದಿಗೆ ಕ್ಲಿಪ್ ಸಿಕ್ಕಿಸಿ ಮಕ್ಕಳು ತಮ್ಮದೇ ಬೀಜ ಮಾಡಿಕೊಳ್ಳಲಿ.

ಪ್ರಯೋಗ ಕೆಟ್ಟರೆ ಮಗು ಅಳುತ್ತೆ.

ಅಳಲಿ, ಪಕ್ಕದಲ್ಲಿ ಕೂರಿ. ನೀವು ಗುಟ್ಟಾಗಿ ಸರಿ ಮಾಡಿಬಿಡಬೇಡಿ. ಸ್ವಲ್ಪ ಹೊತ್ತು ಬಿಟ್ಟು "ಯಾವುದನ್ನ ಬದಲಾಯಿಸೋಣ?" ಅಂತ ಕೇಳಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಇಷ್ಟನ್ನು ಆರು ವರ್ಷದ ಮಗು ಹಿಡಿದುಕೊಳ್ಳುತ್ತದೆ.

ಇದರಿಂದ ಸ್ಕೂಲಲ್ಲಿ ಮಾರ್ಕ್ಸ್ ಬರುತ್ತಾ?

ಅದಕ್ಕಾಗಿ ನಾನು ಇದನ್ನು ಮಾಡುವುದಿಲ್ಲ, ಹಾಗಾಗಿ ಭರವಸೆ ಕೊಡಲಾರೆ. ಆಟದ ಮೂಲಕ ಕಲಿಕೆ ಹೊಸ ಹುಚ್ಚೇನಲ್ಲ ಅನ್ನುವುದನ್ನಂತೂ ಹೇಳಬಲ್ಲೆ. ನಮ್ಮ ಸರ್ಕಾರಿ ಶಾಲೆಗಳ, ಆಡುತ್ತಾ ಕಲಿಯುವ ನಲಿ ಕಲಿ ಪದ್ಧತಿ 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಿಂದ ಶುರುವಾಗಿ ರಾಜ್ಯಕ್ಕೆ ಹಬ್ಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರಿಗೆ ಆಟವೇ ಕಲಿಕೆಯ ದಾರಿ ಅನ್ನುತ್ತದೆ.

ಮಕ್ಕಳ ಪ್ರಶ್ನೆಗಳು ಶಾಲೆಯಲ್ಲಿ ತೊಂದರೆ ತಂದ ಉದಾಹರಣೆಯೂ ಇದೆ. "ಜಾಸ್ತಿ ಕೇಳ್ತಾನೆ" ಅಂತ ಒಬ್ಬ ಹುಡುಗನ ಡೈರಿಯಲ್ಲಿ ಬರೆದು ಕಳಿಸಿದ್ದರು. ಅವನ ಅಪ್ಪ ಆ ಡೈರಿ ಹಿಡಿದು ನನ್ನ ಹತ್ತಿರ ಬಂದರು. ನನಗೆ ನೆನಪಾದದ್ದು ನಮ್ಮ ಎಚ್. ನರಸಿಂಹಯ್ಯನವರು. ಇಲ್ಲೇ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಪ್ರಶ್ನೆ ಕೇಳುವುದನ್ನೇ ಒಂದು ಊರಿಗೆ ಕಲಿಸಿದವರು. ಹುಡುಗನಿಗೆ ಏನೂ ಹೇಳಬೇಡಿ, ಕೇಳುತ್ತಲೇ ಇರಲಿ ಅಂತ ಅಪ್ಪನಿಗೆ ಹೇಳಿ ಕಳಿಸಿದೆ.

ಹೆಣ್ಣುಮಕ್ಕಳಿಗೆ ಬೇರೆ ಆಟ ಕೊಡಬೇಕಾ?

ಇಲ್ಲ. ಸ್ಕ್ರೂಡ್ರೈವರ್ ಇಬ್ಬರಿಗೂ, ಹಿಟ್ಟು ಕಲಸುವುದೂ ಇಬ್ಬರಿಗೂ.

ಇವತ್ತೇ ಶುರು ಮಾಡಬೇಕು. ಏನು ಮಾಡಲಿ?

ಇವತ್ತು ರಾತ್ರಿ ದೋಸೆಗೆ ರುಬ್ಬುತ್ತೀರಾ? ಹಿಟ್ಟಿನಲ್ಲಿ ಎರಡು ಸೌಟನ್ನು ಒಂದು ಗಾಜಿನ ಜಾಡಿಗೆ ಹಾಕಿ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಮುಚ್ಚಳ ಬಿಗಿ ಮಾಡಬೇಡಿ. ಹಿಟ್ಟಿನ ಮಟ್ಟಕ್ಕೆ ಹೊರಗಿನಿಂದ ಒಂದು ರಬ್ಬರ್ ಬ್ಯಾಂಡ್ ಹಾಕಲು ಮಗುವಿಗೆ ಹೇಳಿ. ಬೆಳಿಗ್ಗೆ ಹಿಟ್ಟು ಎಲ್ಲಿಗೆ ಬಂದಿರುತ್ತದೆ ಅಂತ ಊಹಿಸಿ ಇನ್ನೊಂದು ಬ್ಯಾಂಡ್ ಹಾಕಲಿ. ನೀವೂ ಒಂದು ಹಾಕಿ, ತಾತನೂ ಒಂದು ಹಾಕಲಿ. ಹಿಟ್ಟಿನೊಳಗಿನ ಸೂಕ್ಷ್ಮಜೀವಿಗಳು ರಾತ್ರಿಯಿಡೀ ತಿಂದು ಬಿಟ್ಟ ಗಾಳಿಯಿಂದ ಅದು ಉಬ್ಬುತ್ತದೆ. ಡಿಸೆಂಬರಿನ ಚಳಿಯಲ್ಲಿ ಕಡಿಮೆ, ಏಪ್ರಿಲಿನಲ್ಲಿ ಡಬ್ಬಿ ಮೀರಿ. ಎದ್ದ ಕೂಡಲೇ ಮುಖ ತೊಳೆಯುವ ಮೊದಲೇ ಮಗು ಅಡುಗೆಮನೆಗೆ ಓಡುತ್ತದೆ. ಯಾರ ಬ್ಯಾಂಡ್ ಹತ್ತಿರ ಇತ್ತು ಅಂತ ನೋಡಿ, ಗಾಳಿಯ ಗುಳ್ಳೆಗಳನ್ನು ಗಾಜಿನ ಪಕ್ಕದಿಂದ ಎಣಿಸಿ, ಆಮೇಲೆ ಅದೇ ಹಿಟ್ಟಿನಲ್ಲಿ ಮಗುವಿನ ಪಾಲಿನ ದೋಸೆ ಹುಯ್ಯಿರಿ.